ಅಲುಗದೆ ನಿಂತವರು

"ಇದೆಂತ ಮಾರಾಯಾ? ಒಬ್ರೂ ಅಲ್ಲಾಡುದೇ ಇಲ್ಯಲೆ!" ಕುಂದಾಪುರದ ಸ್ಟುಡಿಯೋದಲ್ಲಿ ರಾಜೀವಿ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು.

ಕಂಪ್ಯೂಟರಿನಲ್ಲಿ ಐವತ್ತು ವರ್ಷದ ಹಿಂದಿನ ಅಂಗಳ. ಬೊಂಬಾಯಿ ಹೋಟೆಲಿನಿಂದ ರಜೆಗೆ ಬಂದಿದ್ದ ಕಿಟ್ಟ ಮಾವ ಹೊಸ ಕ್ಯಾಮೆರಾದಲ್ಲಿ ತೆಗೆದ ಸಿನಿಮಾ. ಮನೆಮಂದಿಯೆಲ್ಲ ಸಾಲಾಗಿ, ಕೈ ಇಳಿಬಿಟ್ಟು, ಉಸಿರು ಬಿಗಿಹಿಡಿದು ನಿಂತಿದ್ದರು. ನಡುವೆ ಅಮ್ಮ. ಅವಳ ಸೊಂಟದ ಮೇಲಿನ ಕೂಸು ರಾಜೀವಿಯೇ. ಕಾಲಬುಡದಲ್ಲಿ ಒಂದು ಕೋಳಿ ಮಾತ್ರ ಓಡಾಡುತ್ತಿತ್ತು.

"ಫೋಟೋ ತೆಗಿತ್ರ್ ಅಂದ್ಕಂಡ್ ನಿಂತಿರ್ ಅಕ್ಕ. ನಾನೆಂತ ಮಾಡೂದ್?" ಎಂದ ಸ್ಟುಡಿಯೋದ ಸುಜನ್.

"ಫೋಟೋ ಮನೆ ಗೋಡಿ ಮೇಲೇ ಇತ್ತ್! ಅದನ್ ಕಾಂಬುಕೆ ಸಿದ್ದಾಪುರದಿಂದ ಬಸ್ಸಲ್ ನಿಂತ್ಕಂಡ್ ಬರ್ಕಿತ್ತಾ?"

ರಾಜೀವಿಗೆ ಎರಡು ವರ್ಷವಾದಾಗ ಅಮ್ಮ ತೀರಿಕೊಂಡಿದ್ದಳು. 'ಥೇಟ್ ಅಬ್ಬಿದೇ ನಡಿಗೆ' ಎಂದು ಊರವರು ಹೇಳುವುದನ್ನು ಕೇಳಿ ಕೇಳಿಯೇ ಅವಳು ದೊಡ್ಡವಳಾದದ್ದು. ಆ ಅಬ್ಬಿಯ, ತನ್ನ ಅಮ್ಮನ, ನಡಿಗೆಯನ್ನು ಒಮ್ಮೆ ಕಾಣಬೇಕು, ಅಷ್ಟೇ. ಸತ್ತ ಮಾವನ ಟ್ರಂಕಿನಲ್ಲಿ ರೀಲು ಸಿಕ್ಕಿದಂದಿನಿಂದ ಊಟ ರುಚಿಸಿರಲಿಲ್ಲ. ಅದನ್ನು ಕಂಪ್ಯೂಟರಿಗೆ ಹಾಕಿಕೊಡಲು ಸುಜನ್ ಎರಡು ತಿಂಗಳು ನಾಳೆ, ನಾಡಿದ್ದು ಅಂದಿದ್ದ. ಈಗ ನೋಡಿದರೆ ಈ ಕಂಬಗಳು!

"ಮಾವಂಗಾರೂ ನಡೀನಿ ಅಂದ್ ಹೇಳುಕಾಯ್ಲಿಲ್ಯಾ? ಕೋಳಿಗಿಪ್ಪ ಬುದ್ಧಿ ಇವ್ರಿಗಿಲ್ಯಾ?" ಅವಳು ಹಿರಿಯರನ್ನೆಲ್ಲ ಒಟ್ಟಿಗೆ ಬೈಯುತ್ತಿರುವಾಗಲೇ ಪರದೆ ಕಪ್ಪಾಯಿತು.

"ಇಷ್ಟೆಯಾ?"

"ಇಷ್ಟೇ. ಕಡೀಗ್ ಒಂಚೂರಿತ್ತ್. ಯಾರೋ ಮಧ್ಯಂದ ಹೊರ್ಟ್ ಹೋತ್ರ್, ಕ್ಯಾಮೆರಾ ಅಲ್ಲಾಡಿ ಮಸ್ಕ್ ಮಸ್ಕ್. ಚಂದ ಇಲ್ಲೆ ಅಂದೇಳಿ ಕತ್ತರ್ಸಿದೆ."

"ಮಧ್ಯಂದ ಯಾರ್?"

"ಅದ್ ನಾನ್ ಸಮಾ ಕಾಣ್ಲಿಲ್ಲೆ ಅಕ್ಕ."

"ಚಂದ ಕೇಳಿದ್ಯಾರ್ ನಿನ್ಹತ್ರ? ಹಾಕ್ ಅದನ್! ಇಲ್ದಿರೆ ನಿನ್ ಕೈಯೇ ಕತ್ತರ್ಸ್ತೆ!"

ಸುಜನ್ ಗೊಣಗುತ್ತ ಮೂಲ ಫೈಲನ್ನು ಹುಡುಕಿ ಹಾಕಿದ. ಅದೇ ಸಾಲು, ಅದೇ ಕೋಳಿ. ಆಮೇಲೆ ಅಮ್ಮನ ಹುಬ್ಬು ಗಂಟಿಕ್ಕಿತು. ಕ್ಯಾಮೆರಾದ ಕಡೆ ಮುಖಮಾಡಿ ಏನೋ ಬೈದಳು. ಕೂಸನ್ನು ಪಕ್ಕದವಳ ಕೈಗೆ ತುರುಕಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬಲಗಾಲನ್ನು ತುಸು ಹೊರಕ್ಕೆ ಎಸೆಯುತ್ತ, ದಡದಡನೆ ನಡೆದೇ ಹೋದಳು.

"ಇನ್ನೊಂದ್ ಸಲ ಹಾಕುದಾ ಅಕ್ಕ?"

ರಾಜೀವಿ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

ಪರದೆಯ ಮೇಲೆ ಉಳಿದವರೆಲ್ಲ, ಒಬ್ಬೊಬ್ಬರಾಗಿ, ಅಮ್ಮ ಹೋದ ದಿಕ್ಕಿಗೆ ಕತ್ತು ತಿರುಗಿಸತೊಡಗಿದ್ದರು.