ಮೇಲ್ದವಡೆ

ಅಣ್ಣ ತಮ್ಮ ಇಬ್ಬರೂ ಸೇರಿ ಮಾಡುತ್ತಿದ್ದದ್ದು ಒಂದೇ ಕೆಲಸ, ಬಿದ್ದ ಮರ ಎತ್ತುವುದು. ಗಾಳಿಗೆ ಉರುಳಿದ್ದು, ಕಡಿದು ಕೆಡವಿದ್ದು, ರಸ್ತೆಗೆ ಅಡ್ಡ ಬಿದ್ದದ್ದು, ಯಾವುದಾದರೂ ಸರಿ. ಟ್ರ್ಯಾಕ್ಟರಿನ ಮುಂದೆ ಲೋಡರಿನ ಎರಡು ತೋಳು, ತೋಳಿನ ತುದಿಗೆ ಅಗಲವಾದ ಬಕೆಟ್ಟು. ತಮ್ಮ ಸೀಟಿನ ಮೇಲೆ, ಅಣ್ಣ ನೆಲದ ಮೇಲೆ. ದಿಮ್ಮಿಗೆ ಸರಪಳಿ ಸುತ್ತಿ ಬಕೆಟ್ಟಿಗೆ ಸಿಕ್ಕಿಸುವುದು ಅಣ್ಣನ ಪಾಲು. ಅವನು ಕೈ ಎತ್ತಿದರೆ ತಮ್ಮ ಬಕೆಟ್ಟು ಎತ್ತಬೇಕು, ಮುಷ್ಟಿ ಕಟ್ಟಿದರೆ ನಿಲ್ಲಿಸಬೇಕು. ಇಬ್ಬರಿಗೂ ಮದುವೆಯಾಗುವ ಮೊದಲಿನಿಂದ ಇದು ಹೀಗೆಯೇ ನಡೆದುಬಂದಿತ್ತು.

ತೊಂದರೆಯೇನೆಂದರೆ, ಅಣ್ಣ ನಿಧಾನಸ್ಥ. ಸರಪಳಿ ಸುತ್ತಿದ ಮೇಲೆ ಎಳೆದು ನೋಡುತ್ತಾನೆ. ಎಮ್ಮೆ ಕೊಳ್ಳಲು ಬಂದವನ ಹಾಗೆ ದಿಮ್ಮಿಯ ಸುತ್ತ ಒಂದು ಸುತ್ತು ಬರುತ್ತಾನೆ. ಮತ್ತೆ ಎಳೆದು ನೋಡುತ್ತಾನೆ. ಸೊಂಟ ಹಿಡಿದುಕೊಂಡ ಮೇಲಂತೂ ಬಗ್ಗುವುದಕ್ಕೊಂದು ಹೊತ್ತು, ಏಳುವುದಕ್ಕೊಂದು ಹೊತ್ತು. ಮೇಲೆ ಕೂತ ತಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಕೂತವನಿಗೆ ಸಿಟ್ಟು ಬೇಗ ಬರುತ್ತದೆ, ಮಾಡಲು ಬೇರೆ ಕೆಲಸವಿರುವುದಿಲ್ಲವಲ್ಲ.

ಅವರಿಗೆ ಕೆಲಸ ಕೊಡುತ್ತಿದ್ದ ಗುತ್ತಿಗೆದಾರ ಒಂದು ದಿನ ತಮ್ಮನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದ. ಬೇರೆ ಕಡೆಯವರು ಬಕೆಟ್ಟಿನ ಮೇಲೆ ಇನ್ನೊಂದು ಕಬ್ಬಿಣದ ದವಡೆ ಕೂರಿಸಿಕೊಂಡಿದ್ದಾರೆ, ಏಡಿ ಕಚ್ಚಿದ ಹಾಗೆ ದಿಮ್ಮಿಯನ್ನು ಕಚ್ಚುತ್ತದೆ, ಸರಪಳಿಯೂ ಬೇಡ, ಎರಡನೇ ಆಳೂ ಬೇಡ. ನೀವೂ ಒಂದು ಹಾಕಿಸಿಕೊಂಡು ಒಬ್ಬರೇ ಬನ್ನಿ, ದೊಡ್ಡ ಕೆಲಸವೊಂದಿದೆ ಎಂದ. ತಮ್ಮ ಹೂಂ ಎಂದುಬಿಟ್ಟ.

ಮನೆಗೆ ಬಂದು ಅಣ್ಣನಿಗೆ ದವಡೆಯ ಕತೆಯನ್ನಷ್ಟೇ ಹೇಳಿದ. ಇನ್ನು ಮೇಲೆ ನೀನು ಬಗ್ಗುವ ಹಾಗಿಲ್ಲ, ಸೊಂಟಕ್ಕೆ ಒಳ್ಳೆಯದು ಎಂದ. ಅದು ಸುಳ್ಳಲ್ಲ, ಅರ್ಧ ನಿಜ. ಉಳಿದರ್ಧವನ್ನು ನುಂಗಿಕೊಂಡ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರೆಲ್ಲ ಶುರುಮಾಡುವುದು ಹೀಗೆಯೇ. ಹಾವಿನ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳುವುದಿಲ್ಲ.

ಅಣ್ಣನ ಮುಖ ಊರಗಲವಾಯಿತು. ಕೊಂಡು ತರುವ ಮಾತನ್ನು ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ವೆಲ್ಡಿಂಗ್ ಮೆಷಿನ್ ಇಟ್ಟುಕೊಂಡು ಕಬ್ಬಿಣ ಕೊಳ್ಳುವುದೇ? ಮಾರನೆಯ ದಿನವೇ ಗುಜರಿಗೆ ಹೋಗಿ ದಪ್ಪ ಪಟ್ಟಿಗಳನ್ನೂ, ಯಾವುದೋ ಹಳೆಯ ಯಂತ್ರದಿಂದ ಬಿಚ್ಚಿದ ಹೈಡ್ರಾಲಿಕ್ ಸಿಲಿಂಡರನ್ನೂ ಹೊತ್ತು ತಂದ. ಮೊದಲು ಫ್ರಿಜ್ಜಿನ ರಟ್ಟಿನ ಡಬ್ಬ ಕತ್ತರಿಸಿ ದವಡೆಯ ಆಕಾರ ಮಾಡಿದ. ಅದನ್ನು ಬಕೆಟ್ಟಿನ ಮೇಲಂಚಿಗೆ ಹಿಡಿದು, ತೆರೆದು ಮುಚ್ಚಿ, ಲೋಡರಿನ ತೋಳಿಗೆ ತಾಗುತ್ತದೋ ಎಂದು ನೋಡಿದ. ತಾಗಿದಲ್ಲಿ ರಟ್ಟು ಕತ್ತರಿಸಿದ. ಇಷ್ಟು ಖುಷಿಯಾಗಿ ಅವನು ಕೆಲಸ ಮಾಡಿದ್ದನ್ನು ತಮ್ಮ ನೋಡಿ ಎಷ್ಟೋ ಕಾಲವಾಗಿತ್ತು. 

ಅತ್ತಿಗೆ ಶೆಡ್ಡಿಗೆ ಟೀ ತಂದಳು. ಗಂಡ ಆಚೆ ಹೋಗಿದ್ದನ್ನು ನೋಡಿಕೊಂಡು ಮೈದುನನ ಕೈಗೆ ಲೋಟ ಕೊಟ್ಟಳು.

"ಇವರ ಸೊಂಟಕ್ಕೋಸ್ಕರ ನಾನು ಬಾಯಿ ಬಡ್ಕೊಂಡಿದ್ದೇ ಬಂತು. ನೀನಾದ್ರೂ ಯೋಚನೆ ಮಾಡಿದ್ಯಲ್ಲಪ್ಪ. ತಮ್ಮ ಅಂದ್ರೆ ಹೀಗಿರ್ಬೇಕು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಅಂದಿರಲೂ ಇಲ್ಲ, ಹೊಗಳಿದ್ದಷ್ಟೇ, ಆದರೂ ತಮ್ಮನ ಕೈ ತಾನಾಗಿ ಹೆಗಲಿಗೆ ಹೋಯಿತು. ಟೀ ಬಿಸಿಯಾಗಿದೆ ಎಂಬ ನೆವ ಸಿಕ್ಕಿತು, ಊದುತ್ತ ತಲೆ ತಗ್ಗಿಸಿದ. ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಅಣ್ಣ ದವಡೆಗೆ ಉದ್ದನೆಯ ಹಲ್ಲುಗಳನ್ನಿಟ್ಟ. ಹಲ್ಲಿನ ನಡುವಿನ ಸಂದಿಗೆಲ್ಲ ಸೇರಿಸಿ ಒಂದು ದಪ್ಪ ತಗಡನ್ನು ಅಡ್ಡಲಾಗಿ ಕೂರಿಸಿದ. ಸಂದಿ ಬಿಟ್ಟರೆ ಸಣ್ಣ ಕೊಂಬೆಗಳು ಜಾರಿ ಕಾಲಮೇಲೆ ಬೀಳುತ್ತವೆ ಎನ್ನುವುದು ಅವನ ಲೆಕ್ಕ. ಇಷ್ಟು ವರ್ಷ ಬಿದ್ದದ್ದೆಲ್ಲ ಅವನ ಕಾಲಮೇಲೆಯೇ. ಬಕೆಟ್ಟು ಶಾಖಕ್ಕೆ ಸೊಟ್ಟಗಾಗದಿರಲೆಂದು ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ ವೆಲ್ಡ್ ಮಾಡುತ್ತ ಹೋದ. ದವಡೆ ತೆರೆದು ಮುಚ್ಚುವ ಸಿಲಿಂಡರ್ ಕೂರಿಸಿ, ಬಕೆಟ್ಟು ಮಗುಚಿದಾಗ ಬಿಗಿಯದಷ್ಟು ಸಡಿಲ ಬಿಟ್ಟು ಎಣ್ಣೆಯ ಎರಡು ಪೈಪು ಎಳೆದ. ಸಂಜೆಗೆ ತಮ್ಮ ಸೀಟಿಗೇರಿ ಲಿವರ್ ಒತ್ತಿದ. ದವಡೆ ಆಕಳಿಸಿದ ಹಾಗೆ ಬಾಯಿ ತೆರೆಯಿತು.

ಆಮೇಲೆ ತಮ್ಮನಿಗೆ ಏನೂ ಕಾಣಲಿಲ್ಲ. ತೆರೆದ ದವಡೆಯ ತಗಡು ಗೋಡೆಯ ಹಾಗೆ ಅವನ ಎದುರು ನಿಂತಿತ್ತು. ಅಂಗಳದಲ್ಲಿಟ್ಟಿದ್ದ ದಿಮ್ಮಿ ಎಲ್ಲಿ, ಹಲ್ಲಿನ ತುದಿ ಎಲ್ಲಿ, ಒಂದೂ ತಿಳಿಯದು. ಅಣ್ಣ ಎಂದೂ ಆ ಸೀಟಿನಲ್ಲಿ ಕೂತವನಲ್ಲ. ಕಟ್ಟಿದ್ದೆಲ್ಲವನ್ನೂ ಎದುರಿಗೆ ನಿಂತು ನೋಡಿಯೇ ಕಟ್ಟಿದ್ದ. ಎದುರಿನಿಂದ ಅದು ಬಲು ಚೆನ್ನಾಗಿ ಕಾಣುತ್ತಿತ್ತು.

ತಮ್ಮ ಇಂಜಿನ್ ನಿಲ್ಲಿಸಿ, ಇಲ್ಲಿಂದ ಏನೂ ಕಾಣುತ್ತಿಲ್ಲ ಎಂದ.

"ನಿಂಗ್ಯಾಕೋ ಕಾಣ್ಬೇಕು? ನೋಡೋದಕ್ಕೆ ನಾನಿರ್ತೀನಲ್ಲ" ಎಂದ ಅಣ್ಣ, ನಗುತ್ತ.

 ತನ್ನನ್ನು ಬಿಟ್ಟು ಈ ಯಂತ್ರ ನಡೆಯಬಹುದು ಎಂಬುದು ಅಣ್ಣನ ಕನಸಿನಲ್ಲೂ ಬಂದಿರಲಿಲ್ಲ. ತಮ್ಮ ಮತ್ತೆ ಹೇಳಲು ಹೋದ, ಮತ್ತೆ ಹೇಳಲಿಲ್ಲ. ಆ ದಿಮ್ಮಿಯನ್ನು, ಪಕ್ಕಕ್ಕೆ ಸರಿದು ನಿಂತ ಅಣ್ಣನ ಕೈ ನೋಡಿಕೊಂಡೇ ಕಚ್ಚಿಸಿ ಎತ್ತಿದ. ಗುತ್ತಿಗೆದಾರನಿಗೆ ಫೋನು ಮಾಡಿ ಬೇಡ ಎಂದುಬಿಡೋಣ ಎಂದು ಊಟದ ಹೊತ್ತಿನಲ್ಲಿ ಅಂದುಕೊಂಡ. ಬೆಳಿಗ್ಗೆ ಮಾಡಿದರಾಯಿತು ಎಂದು ಮಲಗಿದ. ದೊಡ್ಡ ಕೆಲಸದ ಆಸೆ ಇನ್ನೂ ಬಿಟ್ಟಿರಲಿಲ್ಲ, ಅದನ್ನೂ ಹೇಳಬೇಕು.

ಬೆಳಿಗ್ಗೆ ಫೋನಿಗಿಂತ ಮೊದಲು ಗುತ್ತಿಗೆದಾರನೇ ಬಂದ. ದವಡೆಯನ್ನು ತಟ್ಟಿ ನೋಡಿ ಭೇಷ್ ಅಂದ. ಗ್ರೀಸ್ ಹಚ್ಚುತ್ತಿದ್ದ ಅಣ್ಣನ ಕಡೆ ತಿರುಗಿದ.

"ನಿಮ್ಮಂಥ ಅಣ್ಣ ಸಿಗೋದು ಕಷ್ಟ ಬಿಡಿ. ಇನ್ಮೇಲೆ ನೀವು ಆರಾಮಾಗಿ ಮನೇಲಿರಿ. ಇವರು ಒಬ್ರೇ ಬರ್ತೀನಿ ಅಂತ ಅವತ್ತೇ ಹೇಳಿದ್ರು."

ಅಣ್ಣ ತಲೆಯೆತ್ತಲಿಲ್ಲ. ಗ್ರೀಸ್ ಹಚ್ಚುವುದನ್ನು ಪೂರ್ತಿ ಮುಗಿಸಿದ. ಗುತ್ತಿಗೆದಾರನಿಗೆ ಟೀ ಕುಡಿದು ಹೋಗಿ ಎಂದೂ ಹೇಳಿದ. ಅವನ ಗಾಡಿ ಹೋದ ಮೇಲೆ ಕೈಯನ್ನು ಬಟ್ಟೆಗೆ ಉಜ್ಜಿಕೊಳ್ಳುತ್ತ ನಿಂತ.

"ಅವತ್ತೇ ಅಂದ್ರೆ, ಸೊಂಟದ ವಿಷ್ಯ ನನ್ನ ಹತ್ರ ತೆಗೆಯೋಕೆ ಮುಂಚೆನೋ ಆಮೇಲೋ?"

"ಮುಂಚೆ" ಎಂದ ತಮ್ಮ.  ಬೈದುಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಒಂದು ಏಟು ಬಿದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅಣ್ಣ ಬೈಯಲಿಲ್ಲ. ಟ್ರ್ಯಾಕ್ಟರಿನ ಮೆಟ್ಟಿಲಿಗೆ ಕಾಲಿಟ್ಟು, ಹಲ್ಲು ಕಚ್ಚಿ ಸೊಂಟ ಎತ್ತಿ, ಸೀಟಿನ ಮೇಲೆ ಕೂತ. ಮೊದಲ ಸಲ ಅಲ್ಲಿಂದ ತನ್ನ ದವಡೆಯನ್ನು ನೋಡಿದ. ಬಹಳ ಹೊತ್ತು ನೋಡಿದ. ಕೆಳಗಿಳಿದು, ದವಡೆ ಜಾರದ ಹಾಗೆ ದಪ್ಪ ಮರದ ತುಂಡೊಂದನ್ನು ಬಾಯಿಗೆ ಕೊಟ್ಟು, ಸೀಮೆಸುಣ್ಣದಿಂದ ತಗಡಿನ ಮೇಲೆ ಒಂದು ಚೌಕ ಎಳೆದ. ಗ್ಯಾಸ್ ಕಟರ್ ಹಚ್ಚಿದ. ತಮ್ಮ ಬೇಡಣ್ಣ, ಬಿಡಣ್ಣ ಎನ್ನುತ್ತ ಹಿಂದೆ ಮುಂದೆ ಓಡಾಡಿದ. ಕಿಡಿ ಹಾರುತ್ತಿದೆ, ದೂರ ನಿಲ್ಲು ಎಂದಷ್ಟೇ ಅಣ್ಣ ಹೇಳಿದ. ತಾನೇ ಕೂರಿಸಿದ ತಗಡಿನ ನಡುಭಾಗವನ್ನು ತಾನೇ ಕತ್ತರಿಸಿ ಕೆಳಗೆ ಕೆಡವಿದ. ಅಂಚು ತಣಿಯುವವರೆಗೆ ಕಾದ.

ಆಮೇಲೆ ತಮ್ಮನನ್ನು ಸೀಟಿಗೆ ಹತ್ತಿಸಿ, ತಾನು ಬಕೆಟ್ಟಿನ ಎದುರಿಗೆ ಹೋಗಿ, ದಿಮ್ಮಿ ಕೂರಬೇಕಾದ ಜಾಗದಲ್ಲಿ ಅಂಗೈ ಹಿಡಿದು ಕಾಣುತ್ತದೆಯೇ ಎಂದು ಕೇಳಿದ.

ಎಲ್ಲ ಕಾಣುತ್ತಿತ್ತು. ಬಕೆಟ್ಟಿನ ಅಂಚು, ಹಲ್ಲಿನ ತುದಿ, ಗ್ರೀಸ್ ಮೆತ್ತಿದ ಅಂಗೈಯ ಗೆರೆಗಳು. ಕಾಣುತ್ತದೆ ಎಂದರೆ ಇಬ್ಬರ ಜೋಡಿ ಇಲ್ಲಿಗೆ ಮುಗಿಯಿತು. ಇಲ್ಲ ಎಂದರೆ ಅಣ್ಣ ನಾಳೆಯೂ ಜೊತೆಗೆ ಬರಲೇಬೇಕು.

"ಇಲ್ಲಣ್ಣ, ಕಾಣ್ತಿಲ್ಲ. ನೀನಿಲ್ದೆ ಆಗಲ್ಲ."

ಅಣ್ಣ ಸೊಂಟದ ಮೇಲೊಂದು ಕೈಯಿಟ್ಟುಕೊಂಡು ನಿಧಾನವಾಗಿ ಬಗ್ಗಿದ. ಕತ್ತರಿಸಿದ ಚೌಕದೊಳಗೆ ಅವನ ಮುಖ ಬಂತು.

"ನಿನ್ ಕಣ್ಣು ನಂಗೆ ಕಾಣ್ತಿದೆ ಕಣೋ. ನಂಗೆ ನಿನ್ ಕಣ್ಣು ಕಂಡ್ರೆ, ನಿಂಗೆ ನನ್ ಕೈ ಕಾಣ್ದೆ ಇರುತ್ತಾ?"

ಸಿಟ್ಟಿನಿಂದ ಹೇಳಿದ್ದಲ್ಲ. ಅಳತೆ ಸರಿಬಂದಿದೆ ಎಂದು ತಿಳಿಸುವ ದನಿ ಅದು. ಮುಖ ಅಲ್ಲಿಂದ ಸರಿಯಿತು, ಆಚೆಗಿನ ಅಂಗಳ ಬರಿದಾಗಿ ಕಂಡಿತು. ತಮ್ಮ ಸೀಟಿನಿಂದ ಇಳಿಯಲಿಲ್ಲ. ಇಳಿದರೆ ಅಣ್ಣನ ಎದುರಿಗೆ ನಿಲ್ಲಬೇಕಾಗುತ್ತಿತ್ತು.