ಗುಡುಗು ಮೇಷ್ಟ್ರ ಫಲಕ

ಹಿತ್ತಾಳೆ ಫಲಕಗಳ ಮೇಲೆ ಅಕ್ಷರ ಕೊರೆಯುವ ಅಂಗಡಿ ಅತ್ತಿಗೆಯದು. ಯಂತ್ರಕ್ಕೆ ಪ್ರೋಗ್ರಾಂ ಬರೆದುಕೊಟ್ಟವಳು ನಾದಿನಿ. ಕೊರೆಯಬೇಕಾದ ಮಾತನ್ನು ಎರಡು ಉದ್ಧರಣ ಚಿಹ್ನೆಗಳ ನಡುವೆ ಟೈಪು ಮಾಡಿದರೆ ಯಂತ್ರ ಅಷ್ಟನ್ನು ಕೊರೆಯುತ್ತಿತ್ತು.

ನಿವೃತ್ತರಾಗಲಿರುವ ಲೆಕ್ಕದ ಮೇಷ್ಟ್ರಿಗಾಗಿ ಒಂದು ಶಾಲೆಯಿಂದ ಆರ್ಡರ್ ಬಂತು: ನಮ್ಮ ಪ್ರೀತಿಯ "ಗುಡುಗು" ಮೇಷ್ಟ್ರಿಗೆ. ಯಂತ್ರ ‘ನಮ್ಮ ಪ್ರೀತಿಯ’ ಎಂದಷ್ಟೇ ಕೊರೆದು ಕೈಕಟ್ಟಿ ನಿಂತಿತು.

“ಯಾರ ಮೇಲೆ ಪ್ರೀತಿ ಅಂತ ಹೇಳೋಕೂ ನಾಚಿಕೆನಾ ಇದಕ್ಕೆ?” ಎಂದಳು ಅತ್ತಿಗೆ.

“ಒಳಗಿನ ಚಿಹ್ನೆ ಕಂಡ ತಕ್ಷಣ ಮಾತು ಮುಗೀತು ಅಂದ್ಕೊಂಡಿದೆ, ಅತ್ತಿಗೆ. ಒಳಗಿನ ಎರಡೂ ಚಿಹ್ನೆಗೆ ಮುಂಚೆ ಒಂದೊಂದು ಓರೆಗೀಟು ಹಾಕಿ. ‘ಮುಂದಿನದು ಬರೀ ಅಕ್ಷರ, ಇಲ್ಲಿ ನಿಲ್ಲಬೇಡ’ ಅಂತ ಅರ್ಥ. ಅದನ್ನ ಓದೋಕೆ ಯಂತ್ರಕ್ಕೆ ನಾನು ಕಲಿಸ್ತೀನಿ.”

ನಾದಿನಿ ಎರಡು ಪುಟ್ಟ ಪಾರ್ಸರ್, ಅಂದರೆ ಟೈಪು ಮಾಡಿದ್ದನ್ನು ಓದುವ ಪ್ರೋಗ್ರಾಂ ತುಣುಕು, ಬರೆದಳು. ಒಂದು ಮಾಮೂಲಿ ಅಕ್ಷರ ಓದುವುದು. ಇನ್ನೊಂದು ಓರೆಗೀಟನ್ನು ಬಿಸಾಡಿ ಅದರ ಮುಂದಿನ ಅಕ್ಷರವನ್ನಷ್ಟೇ ಇಟ್ಟುಕೊಳ್ಳುವುದು. ‘ಇದಾಗದಿದ್ದರೆ ಅದು’ ಎಂದು ಎರಡನ್ನೂ ಜೋಡಿಸಿ, ಕೊನೆಯ ಚಿಹ್ನೆ ಸಿಗುವವರೆಗೂ ಓದಿಸಿದಳು.

ಎರಡನೆಯ ಫಲಕ ಬಂತು: ನಮ್ಮ ಪ್ರೀತಿಯ \

“ಈಗ ಪ್ರೀತಿ ಜಾರುಬಂಡೆ ಹತ್ತಿದೆ ಕಣೇ,” ಎಂದಳು ಅತ್ತಿಗೆ.

ಮಾಮೂಲಿ ಅಕ್ಷರದ ಪಾರ್ಸರನ್ನು ಮೊದಲು ನಿಲ್ಲಿಸಿದ್ದೇ ತಪ್ಪಾಗಿತ್ತು. ಅದು ಓರೆಗೀಟನ್ನೂ ಅಕ್ಷರವೆಂದು ಗುಳುಂ ಮಾಡಿ, ಮುಂದಿನ ಚಿಹ್ನೆ ಕಂಡದ್ದೇ ಮತ್ತೆ ಮಾತು ಮುಗಿಸಿತ್ತು. ನಾದಿನಿ ಸರದಿ ಅದಲುಬದಲು ಮಾಡಿದಳು. ಮೂರನೆಯ ಫಲಕ ಚೊಕ್ಕವಾಗಿ ಬಂತು.

ಒಯ್ಯಲು ಬಂದದ್ದು ಮಾತ್ರ ಖುದ್ದು ಮೇಷ್ಟ್ರು. ಶಾಲೆಯ ಗುಮಾಸ್ತನಿಗೆ ಜ್ವರವಂತೆ. ಅವರಿಗೆ ತಮ್ಮ ಅಡ್ಡಹೆಸರು ಗೊತ್ತಿದೆಯೋ ಇಲ್ಲವೋ ಎಂದು ಅತ್ತಿಗೆ ಅಳುಕುತ್ತಲೇ ಫಲಕವನ್ನು ಮುಂದಿಟ್ಟಳು. ಮೇಷ್ಟ್ರು ಕನ್ನಡಕ ಏರಿಸಿ ಓದಿದರು.

“ಮೂವತ್ತು ವರ್ಷದಿಂದ ಹೀಗೇ ಕರೀತಾರೆ. ಅದಕ್ಕೆ ಈ ಚಿಹ್ನೆ ಯಾಕಮ್ಮಾ? ನಾನು ನಿಜವಾದ ಗುಡುಗೋ ಅಲ್ವೋ ಅಂತ ಅನುಮಾನವೇ? ತೆಗೆದುಬಿಡಿ.”

ಚಿಹ್ನೆಯೇ ಬೇಡವೆಂದರೆ ಹಳೆಯ ಪ್ರೋಗ್ರಾಮೇ ಸಾಕಿತ್ತು. ನಾದಿನಿಯ ಮುಖ ಹುಳ್ಳಗಾಯಿತು. ಅತ್ತಿಗೆ ನಗು ನುಂಗಿಕೊಂಡು ಹೊಸ ತಗಡು ಹುಡುಕಲು ಹೋದಳು.

ಮೇಷ್ಟ್ರು ಕುರ್ಚಿ ಎಳೆದು ಕೂತು, ಮೂರು ಫಲಕಗಳ ಕಥೆಯನ್ನೆಲ್ಲ ನಾದಿನಿಯ ಬಾಯಿಂದ ಕೇಳಿಸಿಕೊಂಡರು.

“ಓರೆಗೀಟನ್ನೇ ಕೊರೀಬೇಕಾದ್ರೆ?”

“ಎರಡು ಹಾಕ್ಬೇಕು ಸಾರ್. ಮೊದಲನೇದು ಹೋಗುತ್ತೆ, ಎರಡನೇದು ಉಳಿಯುತ್ತೆ.”

“ಭೇಷ್. ನಾಳೆ ನನ್ನ ಕೊನೇ ಕ್ಲಾಸು. ಮಕ್ಕಳಿಗೆ ಇದನ್ನ ನೀನೇ ಬಂದು ಹೇಳಮ್ಮಾ.”

ಮರುದಿನ ನಾದಿನಿ ಹೋದಳು. ಅತ್ತಿಗೆ ಅಂಗಡಿಗೆ ಬೀಗ ಹಾಕಿಕೊಂಡು ಬಂದು, ಹಿಂದಿನ ಬೆಂಚಿನಲ್ಲಿ ಮಕ್ಕಳ ನಡುವೆ ಒತ್ತರಿಸಿಕೊಂಡು ಕೂತು ಕೇಳಿದಳು.