ಎಡಗೈಯ ಕರಿಗಾಳಿ

ನನ್ನ ತಮ್ಮನನ್ನು ಈಗ ಎಲ್ಲರೂ ಕರಿಗಾಳಿ ಎಂದು ಕರೆಯುತ್ತಾರೆ. ನಾನು ಅವನನ್ನು ಪುಕ್ಕಲ ಎನ್ನುತ್ತಿದ್ದೆ. ಎರಡರಲ್ಲಿ ಯಾವುದು ಸರಿ ಎಂಬುದಕ್ಕೆ ನನ್ನ ಬಳಿ ಸಾಕ್ಷಿ ಇದೆ, ಕೇಳುವವರು ಮಾತ್ರ ಇಲ್ಲ.

ನಾವು ಚಿಕ್ಕವರಿದ್ದಾಗ ವಾರಪತ್ರಿಕೆಯೊಂದರ ಕೊನೆಯ ಪುಟದಲ್ಲಿ ಕರಿಗಾಳಿ ಎಂಬ ಚಿತ್ರಕಥೆ ಬರುತ್ತಿತ್ತು. ಮುಖಕ್ಕೆ ಕಪ್ಪು ಮುಸುಕು, ಬೆನ್ನಿಗೆ ಕಪ್ಪು ರೆಕ್ಕೆ. ಮಹಡಿಯಿಂದ ಮಹಡಿಗೆ ಹಾರಿ ಕಳ್ಳರನ್ನು ಹಿಡಿಯುವುದು ಅವನ ಕೆಲಸ. ಹೋದ ವರ್ಷ ಅದನ್ನು ಸಿನಿಮಾ ಮಾಡಿದರು. ಅಲ್ಲಿಯವರೆಗೆ ನಾಯಕಿಯ ಅಣ್ಣನಾಗಿ, ನಾಯಕನ ಗೆಳೆಯನಾಗಿ, ಎರಡನೇ ಹೊಡೆತಕ್ಕೇ ಬೀಳುವ ರೌಡಿಯಾಗಿ ಕಾಲ ಹಾಕಿದ್ದ ನನ್ನ ತಮ್ಮನಿಗೆ ಆ ಪಾತ್ರ ಸಿಕ್ಕಿತು. ಸಿನಿಮಾ ಓಡಿತು. ಅದಕ್ಕಿಂತ ಜೋರಾಗಿ ಒಂದು ಫೋಟೋ ಓಡಿತು.

ಹಳೆಯ ಕಟ್ಟಡವೊಂದರ ಮೆಟ್ಟಿಲ ಮೇಲೆ ಮುಸುಕು ಹಾಕಿಕೊಂಡ ಮಗು ನಿಂತಿದೆ. ಬೆನ್ನಿಗೆ ರೆಕ್ಕೆ, ಒಂದು ಭುಜದ ಮೇಲೆ ಕೋಟಿನ ದೊಡ್ಡ ಗುಂಡಿ, ಮೇಲಕ್ಕೆತ್ತಿದ ಮುಷ್ಟಿ. ಚಿತ್ರದ ಅಂಚಿನಲ್ಲಿ ಚಪ್ಪಲಿ ಹಿಡಿದ ಒಂದು ಪುಟ್ಟ ಕೈ. 'ಆರನೇ ವಯಸ್ಸಿನಲ್ಲಿ ಕಂಡ ಕನಸು, ಮೂವತ್ತೆಂಟರಲ್ಲಿ ನನಸು' ಎಂದು ತಮ್ಮ ಅದನ್ನು ಹಂಚಿಕೊಂಡ. ಮಾರನೆಯ ದಿನವೇ ಅದು ಅಂಗಿಗಳ ಮೇಲೆ, ಆಟೋಗಳ ಬೆನ್ನಿನ ಮೇಲೆ, ಟೀ ಲೋಟಗಳ ಮೇಲೆ ಕಾಣಿಸಿಕೊಂಡಿತು. ಅಭಿಮಾನಿಗಳು ಅದನ್ನು ನೋಡಿ ನೋಡಿ ಅತ್ತರು. ಆರು ವರ್ಷಕ್ಕೇ ಎಷ್ಟು ಎತ್ತರ ಬೆಳೆದಿದ್ದ ನೋಡಿ ನಮ್ಮಣ್ಣ ಎಂದು ಬರೆದುಕೊಂಡರು.

ಬೆಳೆಯದೆ ಏನು, ಆ ಮಗುವಿಗೆ ಹತ್ತು ವರ್ಷ. ಆ ಮಗು ನಾನು.

ರೆಕ್ಕೆ ಹೊಲಿದವಳೂ ನಾನೇ. ಅಪ್ಪನ ಮುರಿದ ಕೊಡೆಯ ಬಟ್ಟೆ ಬಿಚ್ಚಿ, ಅದರ ಐದು ತುಂಡು ರೆಕ್ಕೆಗೆ, ಒಂದು ಮುಸುಕಿಗೆ. ನನ್ನ ಮೊದಲ ಹೊಲಿಗೆ ಅದು, ಇವತ್ತು ನಾನು ಹೊಟ್ಟೆ ಹೊರೆಯುತ್ತಿರುವ ಕಸುಬು ಶುರುವಾದದ್ದು ಅಲ್ಲಿಂದ. ಒಂಬತ್ತು ಮೆಟ್ಟಿಲು ಒಂದೇ ಸಲ ಹಾರುತ್ತಿದ್ದೆ. ತಮ್ಮ ಕೆಳಗೆ ನನ್ನ ಚಪ್ಪಲಿ ಹಿಡಿದುಕೊಂಡು, ಅಕ್ಕ ಬೇಡ ಅಕ್ಕ ಬೇಡ ಎಂದು ಅಳುತ್ತಿದ್ದ. ಕರಿಗಾಳಿ ಕಳ್ಳನನ್ನು ತಲೆಕೆಳಗಾಗಿ ತೂಗುಹಾಕಿದ ಚಿತ್ರ ನೋಡಿ ಅವನಿಗೆ ಎರಡು ದಿನ ಜ್ವರ ಬಂದಿತ್ತು. ಅವನ ಬಾಲ್ಯದ ಕನಸು ಅಂದರೆ ಅದು.

ಅವನ ಹೆಸರಿನ ಅಭಿಮಾನಿ ಸಂಘದವರು ಸಿನಿಮಾದ ನೂರನೇ ದಿನಕ್ಕೆ ಆ 'ಮೊದಲ ರೆಕ್ಕೆ'ಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಚಿತ್ರಮಂದಿರದ ಬಾಗಿಲಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸಿದರು. ತಮ್ಮ, ಅದು ಇನ್ನೂ ಇದೆ ಎಂದುಬಿಟ್ಟ. ಆಮೇಲೆ ನನಗೆ ಫೋನು ಮಾಡಿದ. ಆರು ತಿಂಗಳಿಂದ ಮಾಡದವನು ಹೇಗಿದ್ದೀಯ ಎಂದು ಎರಡು ಸಲ ಕೇಳಿದಾಗಲೇ ಏನೋ ಕೆಲಸ ಇದೆ ಎಂದು ಗೊತ್ತಾಯಿತು.

"ಅದನ್ನ ಅಮ್ಮ ಮಿಷನ್ ಒರೆಸೋಕೆ ಹರಿದು ಇಪ್ಪತ್ತು ವರ್ಷ ಆಯ್ತು," ಎಂದೆ.

"ಇನ್ನೊಂದು ಹೊಲೀತೀಯಾ ಅಕ್ಕ? ಹಳೇದರ ಥರ. ನಿನ್ ಕೈಗೆ ಇದೇನು ದೊಡ್ಡದು."

"ಹೊಲೀತೀನಿ. ಆದ್ರೆ ಪೆಟ್ಟಿಗೆ ಪರದೆ ತೆಗೆಯೋ ದಿನ ಎಲ್ಲರ ಮುಂದೆ ಒಂದು ಮಾತು ಹೇಳ್ಬೇಕು. ಫೋಟೋದಲ್ಲಿರೋದು ನಮ್ಮಕ್ಕ, ರೆಕ್ಕೆ ಅವಳದು ಅಂತ. ಅಷ್ಟೇ. ಬೇರೇನೂ ಬೇಡ ನಂಗೆ."

"ಹೇಳ್ತೀನಿ ಅಕ್ಕ. ತಮಾಷೆಯಾಗೂ ಇರುತ್ತೆ. ಆಣೆ."

ನನ್ನದೇ ಕೊಡೆ ಬಿಚ್ಚಿದೆ. ಎರಡು ಸಲ ಬಟ್ಟೆ ಒಗೆಯುವ ಸೋಡಾ ನೀರಿನಲ್ಲಿ ನೆನೆಸಿ, ಮೂರು ದಿನ ಬಿಸಿಲಿಗೆ ಹಾಕಿ, ಮಡಿಕೆಗಳನ್ನು ಉಜ್ಜುಗಲ್ಲಿನಿಂದ ತಿಕ್ಕಿ ಬಟ್ಟೆಗೆ ವಯಸ್ಸು ತರಿಸಿದೆ. ಅದು ಸುಲಭ. ಕಷ್ಟವಾದದ್ದು ಹೊಲಿಗೆ. ಮೂವತ್ತು ವರ್ಷ ಕಲಿತದ್ದನ್ನೆಲ್ಲ ಬದಿಗಿಟ್ಟು ಹತ್ತು ವರ್ಷದವಳ ಹಾಗೆ ಸೊಟ್ಟಗೆ, ಒಂದು ದೊಡ್ಡದು ಒಂದು ಚಿಕ್ಕದು ಎಂದು ಸೂಜಿ ಹಾಕಬೇಕು. ಕೋಟಿನ ಗುಂಡಿಯನ್ನು ಮೊದಲಿದ್ದ ಭುಜದಲ್ಲೇ ಕೂರಿಸಿದೆ, ನನ್ನ ಎಡಗೈಗೆ ಹಾಕಲು ತೆಗೆಯಲು ಅನುಕೂಲವಾಗಿ. ನಾನು ಎಡಚಿ. ಸುಳ್ಳು ಹೇಳಬಾರದು, ಹೊಲಿಯುವಾಗ ಖುಷಿಯಾಯಿತು. ಮುಗಿದ ಮೇಲೆ ಅಂಗಡಿಯ ಬಾಗಿಲು ಮುಂದೆ ಮಾಡಿ ಒಂದು ಸಲ ಹಾಕಿಕೊಂಡೂ ನೋಡಿದೆ. ನಲವತ್ತೆರಡರ ಹೆಂಗಸು, ಸೊಂಟದವರೆಗೂ ಬಾರದ ರೆಕ್ಕೆ. ಕನ್ನಡಿ ಕಡೆ ನೋಡದೆ ಮಡಚಿಟ್ಟೆ.

ರೆಕ್ಕೆ ಒಯ್ಯಲು ಸಂಘದ ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರೂ ನನ್ನ ಅಂಗಡಿಗೇ ಬಂದರು. ಅಧ್ಯಕ್ಷರು ಐವತ್ತು ದಾಟಿದವರು, ಕನ್ನಡಕದ ಅಂಗಡಿ ಇಟ್ಟಿದ್ದಾರೆ. ಕಾರ್ಯದರ್ಶಿ ಹಲ್ಲಿನ ಡಾಕ್ಟರು. ಓದಿದವರು, ನಾಲ್ಕು ಜನರ ಬಾಯಿ ನೋಡಿದವರು. ಇಬ್ಬರ ಎದೆಯ ಮೇಲೂ ನಾನು, ಮುಸುಕು ಹಾಕಿಕೊಂಡು, ಮುಷ್ಟಿ ಎತ್ತಿಕೊಂಡು. ಇಸ್ತ್ರಿ ಮೇಜಿನ ಮೇಲೆ ರೆಕ್ಕೆ ಹಾಸಿದಾಗ ಡಾಕ್ಟರಮ್ಮ ಚಪ್ಪಲಿ ಬಿಟ್ಟು ಹತ್ತಿರ ಬಂದರು. ಅಧ್ಯಕ್ಷರು ಜೇಬಿನಿಂದ ಭೂತಗನ್ನಡಿ ತೆಗೆದರು.

ಅವರ ಸಂಘದಲ್ಲಿ ಒಂದು ದೊಡ್ಡ ಜಗಳ ನಡೆಯುತ್ತಿತ್ತಂತೆ. ಚಿತ್ರಕಥೆಯ ಕರಿಗಾಳಿ ಎತ್ತುವುದು ಬಲಮುಷ್ಟಿ. ಫೋಟೋದ ಮಗು ಎತ್ತಿರುವುದು ಎಡಮುಷ್ಟಿ. ಫೋಟೋ ತಿರುಗುಮುರುಗಾಗಿ ಅಚ್ಚಾಗಿದೆ ಎಂದು ಒಂದು ಗುಂಪು, ಇಲ್ಲ ಎಂದು ಇನ್ನೊಂದು. ಆ ಮೆಟ್ಟಿಲಿದ್ದ ಕಟ್ಟಡ ಈಗಿಲ್ಲ. ಉಳಿದ ಸಾಕ್ಷಿ ರೆಕ್ಕೆಯೊಂದೇ. ಉಳಿದವರು ಮನೆ ಮಠ ನೋಡಿಕೊಳ್ಳುವ ಹೊತ್ತಿನಲ್ಲಿ ಇವರು ಇದಕ್ಕಾಗಿ ಮಾತು ಬಿಟ್ಟಿದ್ದರು.

ಅಧ್ಯಕ್ಷರು ಗುಂಡಿಯನ್ನು ಫೋಟೋದೊಂದಿಗೆ ಹೋಲಿಸಿ ನೋಡಿದರು. ಮೇಲಿಂದ ನೋಡಿದರು, ಬಗ್ಗಿ ನೋಡಿದರು. "ಗುಂಡಿ ಫೋಟೋದಲ್ಲಿರೋ ಭುಜದಲ್ಲೇ ಇದೆ," ಎಂದರು ಕೊನೆಗೆ. "ಫೋಟೋ ಸರಿಯಾಗೇ ಇದೆ. ಮಗು ಎತ್ತಿರೋದು ಎಡಗೈನೇ. ಹೊಲಿಗೆ ವಾಲಿರೋದು ನೋಡಿದ್ರೂ ಎಡಗೈಯವರದೇ."

"ಆದ್ರೆ ಅಣ್ಣ ಬಲಗೈಯವರಲ್ವಾ?" ಡಾಕ್ಟರಮ್ಮ ಕೇಳಿದರು.

ಈಗ ಬಂತಪ್ಪ ದಾರಿಗೆ ಎಂದುಕೊಂಡೆ. ನಾನು ಅಷ್ಟು ಹೊತ್ತೂ ಅವರೆದುರೇ ಯಾರದೋ ಪ್ಯಾಂಟಿನ ಕಾಲು ಕತ್ತರಿಸುತ್ತಿದ್ದೆ, ಎಡಗೈಯಲ್ಲಿ, ಎಡಚರಿಗೆಂದೇ ಮಾಡಿಸಿದ ಕತ್ತರಿಯಲ್ಲಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ಇವರ ಕೈಯಲ್ಲಿ ಭೂತಗನ್ನಡಿಯೇ ಇತ್ತು.

ಅಧ್ಯಕ್ಷರ ಮುಖ ಬಾಡಿತು. ಕನ್ನಡಕ ತೆಗೆದರು. "ಹುಟ್ಟಿನಿಂದ ಎಡಗೈ ಅಭ್ಯಾಸ ಇತ್ತು ಅಣ್ಣಂಗೆ. ಸ್ಕೂಲಲ್ಲಿ ಹೊಡೆದು ಹೊಡೆದು ಬಿಡಿಸಿದಾರೆ."

ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. ಕಣ್ಣಿನಲ್ಲಿ ಆಗಲೇ ನೀರು. "ಯಾರಿಗೂ ಹೇಳ್ಕೊಂಡಿಲ್ಲ ನೋಡಿ. ಒಂದು ಇಂಟರ್‌ವ್ಯೂನಲ್ಲೂ ಹೇಳಿಲ್ಲ."

ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಬಗ್ಗೆ ಕೇಳಿದ್ದೆ. ಅಂಥವರು ಹಲ್ಲು ಕೀಳುತ್ತಾರೆ, ಕಣ್ಣು ಪರೀಕ್ಷೆ ಮಾಡುತ್ತಾರೆ ಎಂದು ಅವತ್ತು ತಿಳಿಯಿತು. ತಮ್ಮನೇ ಹೇಳಲಿ ಎಂದು ಕಾಯಬೇಕಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ.

"ಫೋಟೋದಲ್ಲಿರೋದು ಅವನಲ್ಲ, ನಾನು. ಎಡಗೈ ನನ್ನದು. ಚಪ್ಪಲಿ ಹಿಡ್ಕೊಂಡಿರೋ ಕೈ ಇದೆಯಲ್ಲ, ಅದು ನಿಮ್ಮಣ್ಣನದು," ಎಂದು ಕತ್ತರಿ ಎತ್ತಿ ತೋರಿಸಿದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಪ್ರೀತಿಯಿಂದಲೇ ನಕ್ಕರು, ಅದಕ್ಕೇ ಮೈ ಉರಿಯಿತು. ಅಂಗಡಿಯ ಹಿಂದಿನ ಕೋಣೆಯೇ ನಮ್ಮ ಮನೆ. ಅಲ್ಲಿಂದ ಅಮ್ಮ ಎದ್ದು ಬಂದಳು.

"ಇವಳಿಗೆ ಮೊದಲಿಂದ ಕುಚೋದ್ಯ ಜಾಸ್ತಿ," ಎಂದಳು. "ಫೋಟೋದಲ್ಲಿರೋದು ನನ್ನ ಮಗನೇ. ಹೆತ್ತವಳಿಗೆ ಗೊತ್ತಾಗಲ್ವಾ?"

ಮೆಟ್ಟಿಲಿಂದ ಹಾರಿ ನಾನು ಮಂಡಿ ಒಡೆದುಕೊಂಡಾಗ ಔಷಧಿ ಹಚ್ಚಿ ಬೈದ ಅದೇ ಅಮ್ಮ. ಅವಳೇನೂ ಸುಳ್ಳು ಹೇಳುತ್ತಿರಲಿಲ್ಲ. ಟೀವಿಯಲ್ಲಿ ನೂರು ಸಲ ನೋಡಿ ನೋಡಿ ಅವಳಿಗೂ ಹಾಗೇ ನೆನಪಾಗಿತ್ತು. ಡಾಕ್ಟರಮ್ಮ ಅಮ್ಮನ ಕಾಲು ಮುಟ್ಟಿ, ರೆಕ್ಕೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಹೊರಟರು.

ಎರಡೇ ದಿನದಲ್ಲಿ ಊರೆಲ್ಲ ಅದೇ ಸುದ್ದಿ. ಅಣ್ಣನ ಎಡಗೈಗೆ ಬಿದ್ದ ಏಟುಗಳ ಬಗ್ಗೆ ಪದ್ಯಗಳು ಬಂದವು. ಅಭಿಮಾನಿಗಳು ಎಡಗೈ ಎತ್ತಿ ನಮಸ್ಕಾರ ಹೇಳತೊಡಗಿದರು. ಎಡಗೈಯಲ್ಲಿ ಬರೆದ ಪತ್ರಗಳು ಮೂಟೆಗಟ್ಟಲೆ ಬಂದವಂತೆ, ಅಕ್ಷರ ಒಂದೂ ಓದಲಾಗದಂಥವು. ಓದಲಾಗದಿದ್ದಷ್ಟೂ ಪ್ರೀತಿ ಹೆಚ್ಚು ಎಂದು ಲೆಕ್ಕ.

ನೂರನೇ ದಿನಕ್ಕೆ ಮೂರು ದಿನ ಇರುವಾಗ ತಮ್ಮನ ಫೋನು ಬಂತು. ಮಧ್ಯಾಹ್ನ, ನಾನು ಜಿಪ್ಪು ಕೂರಿಸುತ್ತಿದ್ದೆ.

"ಅಕ್ಕ, ಏಟು ಯಾವುದರಲ್ಲಿ ಹೊಡೀತಿದ್ರು? ರೂಲರ್ ತಾನೆ?"

"ಯಾರಿಗೆ?"

ರೂಲರ್ ತಾನೆ ಎಂದು ಅವನು ಮತ್ತೆ ಕೇಳಿದ.

"ಯಾರಿಗೆ ಹೊಡೀತಿದ್ರು, ಹೇಳು."

"ಅಕ್ಕ, ಪ್ಲೀಸ್. ಅವತ್ತು ಸ್ಟೇಜ್ ಮೇಲೆ ಕೇಳ್ತಾರೆ. ರೂಲರಿನ ಅಂಚಿಂದ್ಲಾ, ಅಗಲದಿಂದ್ಲಾ? ಒಂದು ಸಲಕ್ಕೆ ಎಷ್ಟು?"

"ನೀನೇ ಇದ್ಯಲ್ಲೋ. ನಿನ್ನ ಕ್ಲಾಸ್ ಬೇಗ ಬಿಡ್ತಿತ್ತು. ನನ್ನ ಜೊತೆ ಮನೆಗೆ ಹೋಗೋಕೆ ಅಂತ ಬಾಗಿಲ ಹತ್ರ ಡಬ್ಬಿ ಹಿಡ್ಕೊಂಡು ನಿಂತಿರ್ತಿದ್ದೆ."

"ನಿಂತಿರ್ತಿದ್ದೆ. ಆದ್ರೆ ನೋಡಿಲ್ಲ ಅಕ್ಕ." ಅವನ ದನಿ ಇಳಿಯಿತು. "ಕಣ್ಣು ಮುಚ್ಕೊಂಡಿರ್ತಿದ್ದೆ. ಶಬ್ದ ನಿಂತ ಮೇಲೇನೇ ತೆಗೀತಿದ್ದೆ."

ನನಗೆ ಇದು ಗೊತ್ತಿರಲಿಲ್ಲ. ಅವನು ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದಾನೆ ಎಂದುಕೊಂಡೇ ನಾನು ಅಷ್ಟೂ ದಿನ ಅಳದೆ ಕೈ ಚಾಚಿದ್ದೆ. ಜಿಪ್ಪಿನ ಸೂಜಿ ಎಲ್ಲಿಟ್ಟೆ ಎಂದು ಹುಡುಕಿದೆ. ಅದು ಬಾಯಲ್ಲೇ ಇತ್ತು, ತೆಗೆದೆ.

"ಆಣೆ ಹಾಕಿದ್ದೆ ನೀನು," ಎಂದೆ. "ನಮ್ಮಕ್ಕ ಅಂತ ಒಂದು ಮಾತು."

"ಈಗ ಹೆಂಗಕ್ಕ ಹೇಳ್ಲಿ? ಎಡಗೈ ಮಕ್ಕಳ ಅಮ್ಮಂದಿರು ಬರೀತಿದಾರೆ, ನಿಮ್ಮನ್ನ ನೋಡಿ ನಮ್ಮ ಮಗುಗೆ ಧೈರ್ಯ ಬಂತು ಅಂತ. ಈಗ ಅಲ್ಲ ಅಂದ್ರೆ ಅವರಿಗೆ ಎಷ್ಟು ಬೇಜಾರಾಗುತ್ತೆ."

"ನನಗೆ ಆಗಲ್ವಾ?"

"ನೀನು ಅಕ್ಕ ಅಲ್ವಾ," ಎಂದ, ಅದರಲ್ಲೇ ಉತ್ತರವಿದೆ ಎನ್ನುವ ಹಾಗೆ.

ಫೋನು ಇಟ್ಟುಬಿಟ್ಟೆ. ಅಂಚಿನಿಂದ ಎಂದು ಹೇಳಲಿಲ್ಲ. ಏಳು ಎಂದೂ ಹೇಳಲಿಲ್ಲ. ನನ್ನ ಕನಸು ಹೋಗಲಿ, ಅದಕ್ಕೆ ಕನ್ನ ಹಾಕಿದ್ದಾಯಿತು. ಏಟುಗಳನ್ನಾದರೂ ನಾನೇ ಇಟ್ಟುಕೊಳ್ಳುತ್ತೇನೆ ಎಂದುಕೊಂಡೆ. ಹೇಳಲು ಏನೂ ಇಲ್ಲದೆ ವೇದಿಕೆಯ ಮೇಲೆ ತಡವರಿಸಲಿ, ಆಗಲಾದರೂ ನಿಜ ಬರಬಹುದು ಎಂಬ ಆಸೆಯೂ ಇತ್ತು. ಬೈದುಕೊಂಡು ಬೈದುಕೊಂಡೇ ಆಸೆ ಪಡುವುದು ನನಗೆ ಅಭ್ಯಾಸ.

ನೂರನೇ ದಿನದ ಸಮಾರಂಭವನ್ನು ಅಮ್ಮನ ಜೊತೆ ಕೂತು ಟೀವಿಯಲ್ಲಿ ನೋಡಿದೆ. ಪರದೆ ಸರಿಯಿತು. ಗಾಜಿನೊಳಗೆ ನನ್ನ ಕೊಡೆ ದೀಪದ ಬೆಳಕಿನಲ್ಲಿ ನಿಂತಿತ್ತು. ಜನ ಎಡಗೈ ಎತ್ತಿ ಕೂಗಿದರು. ನಿರೂಪಕಿ ಮುಖ ಸಪ್ಪೆ ಮಾಡಿಕೊಂಡು, ಸರ್, ಎಷ್ಟು ಏಟು ತಿಂದಿದ್ರಿ ಎಂದು ಕೇಳಿದಳು.

ತಮ್ಮ ಮೈಕು ಹಿಡಿದ. ಒಂದು ಕ್ಷಣ ಅವನು ಕ್ಯಾಮೆರಾ ಕಡೆ ನೋಡಿದ. ನಾನು ಮುಂದಕ್ಕೆ ಬಾಗಿ ಕೂತೆ.

"ಎಷ್ಟು ಅಂತ ಗೊತ್ತಿಲ್ಲ," ಎಂದ. "ಕಣ್ಣು ಮುಚ್ಕೊಂಡಿರ್ತಿದ್ದೆ. ಶಬ್ದ ನಿಂತ ಮೇಲೇನೇ ತೆಗೀತಿದ್ದೆ."

ಸಭೆಗೆ ಸಭೆಯೇ ಅತ್ತಿತು. ಅಧ್ಯಕ್ಷರು ಕನ್ನಡಕ ಒರೆಸುವುದನ್ನು ಹತ್ತಿರದಿಂದ ತೋರಿಸಿದರು. "ನನ್ನ ಕಂದ, ಒಂದು ದಿನ ನನಗೆ ಹೇಳ್ಲಿಲ್ಲ ನೋಡು," ಎಂದು ಅಮ್ಮ ಕಣ್ಣಿಗೆ ಸೆರಗು ಹಿಡಿದಳು. ಆ ನೂರು ದಿನದಲ್ಲಿ ಅವನು ಆಡಿದ ಒಂದೇ ಒಂದು ನಿಜವಾದ ಮಾತು ಅದು, ಅದನ್ನೂ ಸುಳ್ಳಿಗೆ ಹಾಕಿಕೊಂಡ. ನೆಟ್ಟಗೆ ನಾಲ್ಕು ಬೈಯೋಣ ಎಂದು ಬಾಯಿ ತೆರೆದೆ. ಅಳು ಬಂತು. ಅಮ್ಮ ನನ್ನ ಬೆನ್ನು ಸವರಿ, ತಮ್ಮನ ಮೇಲೆ ಎಷ್ಟು ಪ್ರೀತಿ ಇವಳಿಗೆ ಎಂದಳು.

ಮುಂದಿನ ವಾರ ಅಂಗಡಿಗೆ ಕಾಲೇಜಿನ ಹುಡುಗಿಯೊಬ್ಬಳು ಪ್ಯಾಂಟು ಗಿಡ್ಡ ಮಾಡಿಸಲು ಬಂದಳು. ಅಂಗಿಯ ಮೇಲೆ ಅದೇ ಫೋಟೋ. ನಾನು ಟೇಪು ಹಿಡಿದು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿ ಹಾಕುವುದನ್ನು ನೋಡುತ್ತಾ ನಿಂತಳು. ಮುಖ ಅರಳಿತು.

"ಆಂಟಿ, ನೀವೂ ಅಣ್ಣನ ಫ್ಯಾನಾ?"

ನಾನು ತಲೆ ಎತ್ತಿದೆ.

"ಎಡಗೈಯಲ್ಲಿ ಮಾಡ್ತಿದೀರಲ್ಲ. ನಾನೂ ಶುರು ಮಾಡಿದೀನಿ, ಊಟ ಮಾಡೋಕೂ ಆಗ್ತಿಲ್ಲ ನೋಡಿ. ನಿಮಗೆ ಎಷ್ಟು ದಿನ ಆಯ್ತು?"

ಕತ್ತರಿ ಬಟ್ಟೆಯ ನಡುವಿನಲ್ಲಿತ್ತು. ಅಲ್ಲಿ ನಿಲ್ಲಿಸಿದರೆ ಅಂಚು ಸೊಟ್ಟಗಾಗುತ್ತದೆ.

"ಈಚೆಗೆ," ಎಂದೆ.

"ಪರವಾಗಿಲ್ಲ ಆಂಟಿ, ಬೇಗ ಕಲಿತಿದೀರ," ಎಂದು ಹುಡುಗಿ ನನ್ನ ಬೆನ್ನು ತಟ್ಟಿದಳು.